ಏಣಿ ಹಿಡಿದವಳು

ಅಕ್ಕ ತಂಗಿ ಇಬ್ಬರೂ ಮನೆಗಳಿಗೆ ಬಣ್ಣ ಬಳಿಯುತ್ತಿದ್ದರು. ಅಕ್ಕ ಏಣಿಯ ಮೇಲೆ, ತಂಗಿ ಕೆಳಗೆ ಏಣಿ ಹಿಡಿದು. ಹನ್ನೊಂದು ವರ್ಷ ಹೀಗೇ ನಡೆಯಿತು. ಒಂದು ದಿನ ಶಾಲೆಯ ವರಾಂಡದಲ್ಲಿ ಅಕ್ಕ ಏಣಿಯಿಂದ ಬಿದ್ದಳು.

"ಏಣಿ ಬಿಟ್ಟು ಎಲ್ಲಿ ಸತ್ತಿದ್ದೆ?" ಎಂದು ಬಿದ್ದಲ್ಲಿಂದಲೇ ಎಲ್ಲರೆದುರು ತಂಗಿಯ ಮರ್ಯಾದೆ ತೆಗೆದಳು.

"ಬಿಟ್ಟಿರ್ಲಿಲ್ಲ ಅಕ್ಕಾ" ಎಂದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಂಗಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿಕೊಂಡಳು. ಇಬ್ಬರ ಮಾತು ನಿಂತಿತು.

ಬಿದ್ದಾಗ ಬಂದ ಊತ ಇಳಿದರೂ ಅಕ್ಕನ ಬಲಗಾಲನ್ನು ನೆಚ್ಚುವಂತಿರಲಿಲ್ಲ. ಸಮನೆಲದಲ್ಲೂ ಪಾದ ಮಡಚಿಕೊಳ್ಳುತ್ತಿತ್ತು. ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಅವಳನ್ನು ಕಣ್ಣು ಮುಚ್ಚಿಸಿ ಒಂಟಿಕಾಲಿನಲ್ಲಿ ನಿಲ್ಲಿಸಿದರು. ನಾಲ್ಕೇ ಸೆಕೆಂಡಿಗೆ ವಾಲಿದಳು. ಆಮೇಲೆ ಪಾದದ ಕೀಲಿನ ಸುತ್ತ ಪಟ್ಟಿಗಳನ್ನು ಅಂಟಿಸಿ ಪುಟ್ಟ ಡಬ್ಬಿಯೊಂದರಿಂದ ಕರೆಂಟು ಬಿಟ್ಟರು.

"ಏನೂ ಗೊತ್ತಾಗ್ತಿಲ್ವಲ್ಲ ಮೇಡಂ. ಕರೆಂಟ್ ಹೋಗಿದ್ಯಾ?"

"ಗೊತ್ತಾಗಬಾರದು, ಅಷ್ಟು ಸಣ್ಣದು. ಮಂಕಾಗಿರೋ ನರಗಳನ್ನ ಎಚ್ಚರಿಸೋಕೆ. ಮೊದಲೂ ಕಾಲು ಉಳುಕ್ತಿತ್ತಾ?"

"ಅದೆಷ್ಟೋ ಸಲ. ಎಣ್ಣೆ ತಿಕ್ಕೊಂಡು ಕೆಲಸಕ್ಕೆ ಹೋಗ್ತಿದ್ದೆ."

"ಅದೇ ತೊಂದರೆ. ಪಾದ ವಾಲ್ತಿರೋದು ನಿಮಗೆ ತಡವಾಗಿ ತಿಳಿಯುತ್ತೆ. ಕಾಲಡಿಯಿರೋದೇ ಅಲ್ಲಾಡ್ತು ಅನ್ಸುತ್ತೆ, ಅಲ್ವಾ?"

ಅಂದು ಏಣಿ ಅಲ್ಲಾಡಿತೆಂದೇ ಅಕ್ಕ ನಂಬಿದ್ದಳು.

ಆರು ವಾರ ಕರೆಂಟು, ಜೊತೆಗೆ ವ್ಯಾಯಾಮ. ಇಪ್ಪತ್ತೊಂದು ಸೆಕೆಂಡು ನಿಂತ ದಿನವೇ ಅವಳು ಲಾಂಡ್ರಿಗೆ ಹೋದಳು. ತಂಗಿ ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು.

"ಏಣಿ ಅಲ್ಲಾಡಿರ್ಲಿಲ್ಲ ಕಣೇ. ನನ್ನ ಕಾಲೇ ಕೈಕೊಟ್ಟಿದ್ದು."

"ಗೊತ್ತು."

"ತಪ್ಪಾಯ್ತು. ವಾಪಸ್ ಬಾ. ಕೆಳಗೆ ಹಿಡಿಯೋರು ಇದ್ರೆ ಏಣಿ ಹತ್ತಬಹುದಂತೆ."

ತಂಗಿ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಎಡಗೈ ಎತ್ತಿದಳು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು.

"ಇಷ್ಟೇ ಏಳೋದು. ಆವತ್ತು ನೀನು ನನ್ನ ಭುಜಕ್ಕೆ ಬಡಿದೇ ಕೆಳಗೆ ಬಿದ್ದಿದ್ದು."

ಅಕ್ಕ ಆ ಭುಜವನ್ನು ಮುಟ್ಟಿ ನೋಡಿದಳು. "ಒಂದು ಮಾತು ಹೇಳ್ಬಾರದಿತ್ತಾ?"

"ನೀನು ಕೂಗ್ತಾ ಇದ್ದೆ. ಆಮೇಲೆ ಬರಲೇ ಇಲ್ಲ."

"ಡಾಕ್ಟ್ರಿಗೆ ತೋರಿಸಿದ್ಯಾ?"

"ಮೂಳೆ ಸೊಟ್ಟಗೆ ಕೂಡ್ಕೊಂಡಿದೆ. ಇನ್ನು ಇಷ್ಟೇ ಅಂದ್ರು."

ಒಳಗಿನಿಂದ ಯಜಮಾನ ಕೂಗಿದ. ತಂಗಿ ಮುಂದಿನ ಅಂಗಿಯನ್ನು ಒಂದೇ ಕೈಯಲ್ಲಿ ಕೊಡವಿ ಹರಡಿದಳು. ಅಕ್ಕ ಇನ್ನೊಂದು ಅಂಚನ್ನು ಹಿಡಿಯಲು ಹೋದಳು.

"ಬೇಡ ಬಿಡು, ಅಭ್ಯಾಸ ಆಗಿದೆ" ಎಂದಳು ತಂಗಿ.

ಅಕ್ಕನ ಕಾಲು ಈಗ ಗಟ್ಟಿಯಾಗಿದೆ. ಆದರೆ ಏಣಿ ಹಿಡಿ ಎಂದು ಬೇರೊಬ್ಬರನ್ನು ಕರೆಯಲು ಅವಳಿಗೆ ಮನಸ್ಸು ಬರಲಿಲ್ಲ. ನೆಲದ ಮೇಲೆ ನಿಂತು ಕೈಗೆಟಕುವ ಗೇಟು, ಕಿಟಕಿಗಳಿಗಷ್ಟೇ ಬಣ್ಣ ಬಳಿಯುತ್ತಾಳೆ.