ಚೀಟಿಯಲ್ಲಿಲ್ಲದ ತುರಿಕೆ

ತಮ್ಮನ ಮೈ ತುರಿಕೆಗೆ ತಾನೇ ಕಾರಣ ಎಂದು ಅಕ್ಕ ಮೂರು ವಾರ ನಂಬಿದ್ದಳು. ನಂಬದೆ ಏನು ಮಾಡಿಯಾಳು? ಹತ್ತೊಂಬತ್ತು ವರ್ಷದಿಂದ ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಡ್‌ಶೀಟು ಒಗೆಯುವವಳು. ಮೇಲ್ವಿಚಾರಕ ಬೇಗ ಮುಗಿಸು ಎಂದು ಬೆನ್ನುಬಿದ್ದಾಗಲೆಲ್ಲ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಜಾಸ್ತಿ ಸುರಿದು, ಒಂದು ಸಲ ಜಾಲಿಸುವುದನ್ನು ತಪ್ಪಿಸಿದ್ದುಂಟು. ಈಗ ಮೂರನೇ ಮಹಡಿಯಲ್ಲಿ, ಅವೇ ಬೆಡ್‌ಶೀಟುಗಳ ಮೇಲೆ, ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ತಮ್ಮ, ರಕ್ತ ಬರುವಂತೆ ಮೈ ಕೆರೆದುಕೊಳ್ಳುತ್ತಿದ್ದ.

ಪಿತ್ತನಾಳದ ಕ್ಯಾನ್ಸರ್. ಕೈಮೀರಿದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿ ಮುಗಿಸಿದ್ದರು. ಕಣ್ಣು, ಉಗುರು, ಅಂಗಾಲು ಎಲ್ಲ ಹಳದಿ. “ಯಾರೋ ಮೊದಲ್ನೇ ಕೋಟ್ ಹೊಡೆದು ಹೋಗಿದಾರೆ ಕಣಕ್ಕ, ಅಕ್ಷರ ಬರಿಯೋರು ಇನ್ನೂ ಬರ್ಬೇಕು,” ಎಂದು ಅವನು ಇಡೀ ವಾರ್ಡನ್ನೇ ನಗಿಸಿದ್ದ. ತುರಿಕೆ ಶುರುವಾದ ಮೇಲೆ ಅವನ ತಮಾಷೆ ನಿಂತುಹೋಯಿತು. ಊಟ, ನಿದ್ದೆ, ಮಾತು ಎಲ್ಲಕ್ಕೂ ಕೈ ಬಿಡುವಿರಬೇಕಲ್ಲ.

ಬೆಳಿಗ್ಗೆ ಬರುತ್ತಿದ್ದ ಡಾಕ್ಟರದು ಒಂದೇ ಪ್ರಶ್ನೆ: ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು? ತಮ್ಮ ಎರಡು ಎನ್ನುತ್ತಿದ್ದ. ಸುಳ್ಳೇನಲ್ಲ. ಚೀಟಿಯಲ್ಲಿ ಎರಡು ಎಂದು ಬೀಳುತ್ತಿತ್ತು, ಡಾಕ್ಟರು ಮುಂದಿನ ಮಂಚಕ್ಕೆ ದಾಟುತ್ತಿದ್ದರು. ತೋಳಿನ ಮೇಲಿನ ಗೀರುಗಳಿಗೆ ಆ ಚೀಟಿಯಲ್ಲಿ ಜಾಗವಿರಲಿಲ್ಲ. ಚೀಟಿಯಲ್ಲಿ ಜಾಗವಿಲ್ಲದ್ದು ಆ ಕಟ್ಟಡದಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅಕ್ಕನೂ ಬಾಯಿ ಬಿಡಲಿಲ್ಲ. ಹೇಳಿದರೆ ಪೌಡರಿನ ವಿಷಯ ಹೊರಬಿದ್ದು ಕೆಲಸ ಹೋಗುತ್ತದೆ; ಅದಕ್ಕಿಂತ ಹೆಚ್ಚಾಗಿ, ತಮ್ಮನಿಗೆ ಗೊತ್ತಾಗುತ್ತದೆ. ಅವನ ಬೆಡ್‌ಶೀಟನ್ನು ಬೇರೆ ತೆಗೆದು ಬರೀ ನೀರಿನಲ್ಲಿ ಏಳು ಸಲ ಜಾಲಿಸಿ, ಪೂರ್ತಿ ಒಣಗುವಷ್ಟೂ ಕಾಯದೆ ತಾನೇ ಹೊತ್ತು ತಂದು ಹಾಸಿದಳು. ತುರಿಕೆ ಹೆಚ್ಚಿತು. ಮಾರನೆಯ ದಿನ ಹತ್ತು ಸಲ ಜಾಲಿಸಿದಳು.

ನರಳುವವರಿಗೆ ಆರಾಮ ಮಾಡಿಸಲೆಂದೇ ಗುರುವಾರಕ್ಕೊಮ್ಮೆ ಬರುವ ನರ್ಸಮ್ಮ ಒಬ್ಬರಿದ್ದರು. ಡಾಕ್ಟರು ಬರೆದುಕೊಟ್ಟವರನ್ನು ಮಾತ್ರ ನೋಡಬೇಕೆಂದು ಅವರಿಗೆ ಅಪ್ಪಣೆ. ಪಕ್ಕದ ಮಂಚಕ್ಕೆಂದು ಬಂದವರು ತಮ್ಮನ ತೋಳು ಕಂಡು ನಿಂತರು, ಎಷ್ಟು ದಿನದಿಂದ ಎಂದು ಕೇಳಿದರು. ಅಕ್ಕ ಅವರನ್ನು ಬಾಗಿಲ ಹೊರಗೆ ಕರೆದೊಯ್ದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎಲ್ಲ ಒಪ್ಪಿಕೊಂಡಳು.

ನಿಮ್ಮ ಪೌಡರೂ ಅಲ್ಲ, ಬಟ್ಟೆಯೂ ಅಲ್ಲ ಎಂದರು ನರ್ಸಮ್ಮ. ನಾಳ ಕಟ್ಟಿಕೊಂಡು ಪಿತ್ತ ರಕ್ತಕ್ಕೆ ಸೇರಿದೆ, ತುರಿಕೆ ಒಳಗಿಂದ ಬರುತ್ತಿದೆ. ಮೈಯಲ್ಲಿ ಕಸುವಿದ್ದಾಗಲೇ ನಾಳಕ್ಕೊಂದು ನಳಿಗೆ ಹಾಕಬಹುದಿತ್ತು. ಈಗ ಮಾತ್ರೆಯಾದರೂ ಕೊಡಬಹುದು.

ಮಾತ್ರೆ ಎಲ್ಲಿ ಸಿಗುತ್ತದೆಂದು ಅಕ್ಕ ಕೇಳಿದಳು. ಕೆಳಗೆ, ಆಸ್ಪತ್ರೆಯ ಔಷಧಿ ಕೋಣೆಯಲ್ಲೇ. ಅದಕ್ಕೂ ಅವಳು ಬಟ್ಟೆ ಒಗೆಯುವ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ಅವಳು ನೇರ ಹೋಗಿ ಡಾಕ್ಟರ ಮೇಜಿನ ಮುಂದೆ ನಿಂತಳು. ಡಾಕ್ಟರು ತಲೆ ಎತ್ತದೆ, ತುರಿಕೆಯಿಂದ ಯಾರೂ ಸಾಯುವುದಿಲ್ಲ, ಇಲ್ಲಿ ಮುಖ್ಯ ಕಾಯಿಲೆ ನೋಡುತ್ತೇವೆ ಎಂದರು.

“ಸಾಯ್ತಾನೆ ಅಂತ ನಂಗೂ ಗೊತ್ತು ಡಾಕ್ಟ್ರೇ. ನಾನು ಕೇಳ್ತಿರೋದು ಅಲ್ಲೀವರ್ಗಿನ ಮಾತು. ನೀವು ಬರಿಯೋವರ್ಗೂ ಇಲ್ಲೇ ನಿಂತಿರ್ತೀನಿ.”

ಹೊರಗೆ ಸಾಲು ಬೆಳೆಯಿತು. ಡಾಕ್ಟರು ಬರೆದರು.

ನಾಲ್ಕನೆಯ ದಿನ ಮಧ್ಯಾಹ್ನ ತಮ್ಮ ಎರಡು ಗಂಟೆ ಸತತವಾಗಿ ಮಲಗಿದ. ಎದ್ದಾಗ ಅಕ್ಕ ಪೌಡರಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅವನು ಅವಳ ಮುಖವನ್ನೇ ನೋಡಿದ. “ಅಯ್ಯೋ ಹುಚ್ಚಿ, ಅದಕ್ಕೇನಾ ದಿನಾ ಒದ್ದೆ ಬೆಡ್‌ಶೀಟಲ್ಲಿ ಮಲಗಿಸ್ತಿದ್ದಿದ್ದು? ನಾನೇ ಉಚ್ಚೆ ಹೊಯ್ಕೊಂಡಿದೀನಿ ಅನ್ಕೊಂಡು ನಾಚ್ಕೆಯಿಂದ ಸುಮ್ನಿದ್ದೆ.”

ಇಬ್ಬರೂ ನಕ್ಕರು. ಅಕ್ಕನ ನಗು ಅರ್ಧಕ್ಕೇ ಅಳುವಾಯಿತು. ಹಾಗೆ ಸುಟ್ಟುಹೋದದ್ದು ಇಪ್ಪತ್ತೊಂದು ದಿನ. ಇನ್ನು ಅವನ ಪಾಲಿಗಿದ್ದದ್ದು ಹನ್ನೊಂದು.

ಅವನು ಮೆಲ್ಲಗೆ ಆಚೆ ಹೊರಳಿ ಬೆನ್ನು ಕೊಟ್ಟ. ಅವಳ ಬೆರಳುಗಳು ರೂಢಿಯಂತೆ ಮಡಿಚಿಕೊಂಡವು.

“ಕೆರೀಬೇಡಕ್ಕ. ಸುಮ್ನೆ ಕೈ ಇಡು.”

ಕೆಳಗೆ ಪಾಳಿಯ ಗಂಟೆ ಹೊಡೆಯಿತು. ಅವಳು ಏಳಲಿಲ್ಲ.