ನಗೆಯ ಒಡೆಯನನ್ನು ವಿಚಾರಿಸುವಾಕೆ

ಅರಬಾ ಎಷುನ್ ಅವರಿಗೆ ನಗು ತಡವಾಗಿ ಬರುತ್ತಿತ್ತು. ಸೆಕೊಂಡಿ ಊರಿನ ನಮ್ಮ ಚರ್ಚಿನ ಗಾಯನವೃಂದದ ವಾಟ್ಸಾಪ್ ಗುಂಪಿಗೆ ಮುಂಜಾನೆ ಒಂದು ಹಾಸ್ಯ ಬಂದರೆ, ನಾವೆಲ್ಲ ಹೊಟ್ಟೆ ಹಿಡಿದು ನಗುವಾಗ ಆಕೆ ಮಾತ್ರ "ಇದು ಯಾರದು?" ಎಂದು ಕೇಳುವರು, ಉತ್ತರ ಸಿಕ್ಕ ಮೇಲೆಯೇ ನಗು. ಸುಡುಬಿಸಿಲಿನಲ್ಲೂ ದಿವಂಗತ ಪತಿಯ ಬೂದು ಕೋಟು ತೊಟ್ಟು, ಒಂದೇ ಕೈ ಬೀಸುತ್ತ, ಮೀನುಪೇಟೆಯ ಇಳಿಜಾರಿನಲ್ಲಿ ಹಡಗಿನ ಗಾಂಭೀರ್ಯದಿಂದ ಅವರು ಇಳಿದುಬಂದರೆ ಹರಟೆಮಲ್ಲರೂ ದನಿ ತಗ್ಗಿಸುತ್ತಿದ್ದರು. ಗುಂಪಿನ ಮೇಲ್ವಿಚಾರಣೆಯೂ ಅವರದೇ.

ನಮಗೆ ಹಾಸ್ಯ ಉಣಬಡಿಸುತ್ತಿದ್ದವನು ಕೊಬಿನಾ ಒಟೂ. ಹೆಂಡತಿ ತೀರಿಕೊಂಡ ಮೇಲೆ ಹಾಡು ನಿಲ್ಲಿಸಿ ಮಂಕಾಗಿದ್ದವನು, ಕುಮಾಸಿ ನಗರದ ಯಾವ್ ಬೊಆದಿ ಎಂಬ ಲೇಖಕನ ನಗೆಪುಸ್ತಕವೊಂದನ್ನು ದಿನಕ್ಕೊಂದು ಕಥೆಯಂತೆ ಬೆರಳಚ್ಚಿಸಿ ಕಳಿಸತೊಡಗಿ, ನಮ್ಮ ಮೆಚ್ಚುಗೆಯ ಬಿಸಿಗೆ ಮತ್ತೆ ಮನುಷ್ಯನಾಗಿದ್ದ, ಹಾಡಿನ ಅಭ್ಯಾಸಕ್ಕೂ ಬರತೊಡಗಿದ್ದ. ಲೇಖಕನ ಹೆಸರನ್ನು ಮಾತ್ರ ಎಲ್ಲೂ ಹಾಕಿರಲಿಲ್ಲ.

ಅವೇ ಕಥೆಗಳಿದ್ದ ಆ ಪುಸ್ತಕ ಪೇಟೆಯ ಅಂಗಡಿಯೊಂದರಲ್ಲಿ ಅರಬಾ ಅವರ ಕಣ್ಣಿಗೆ ಬಿತ್ತು. ಎರಡು ದಿನ ಹಿಂದೆಮುಂದೆ ನೋಡಿದರು. ಕೊನೆಗೆ ಅಭ್ಯಾಸ ಮುಗಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದು, ಕಥೆ ಕಳಿಸುವುದನ್ನು ನಿಲ್ಲಿಸೆಂದರು.

"ಆಂಟೀ, ನಗೋದಕ್ಕೂ ರಸೀದಿ ಬೇಕಾ?" ಎಂದ ಕೊಬಿನಾ.

"ಅಜ್ಜಿ ಹೇಳ್ತಿದ್ದ ಕಥೆ ಆಗಿದ್ರೆ ನಾನೂ ಸುಮ್ನಿರ್ತಿದ್ದೆ ಕಣಪ್ಪ. ಇದನ್ನ ಒಬ್ಬ ಕೂತು ಬರೆದು, ಮಾರಿ ಹೊಟ್ಟೆ ಹೊರೀತಾನೆ. ಹೆಸರು ಹೇಳಿ ಒಂದು ತುತ್ತು ರುಚಿ ತೋರ್ಸು. ಗಡಿಗೇನೇ ಎತ್ಕೊಂಡ್ ಬರಬೇಡ."

ಕೊಬಿನಾ ಅಂದೇ ಗುಂಪು ಬಿಟ್ಟ. ಮುಂದಿನ ಅಭ್ಯಾಸದಲ್ಲಿ ಅವನ ದನಿಯಿಲ್ಲದೆ ಸ್ತೋತ್ರ ಕುಂಟಿತು. ಬಡಪಾಯಿಯ ಸುಖಕ್ಕೆ ಕಲ್ಲು ಹಾಕಿದರೆಂದು ನಾವೆಲ್ಲ, ನಾನೂ ಸೇರಿ, ಗೊಣಗಿದೆವು. ಅರಬಾ ಪುಸ್ತಕದ ಬೆನ್ನಲ್ಲಿದ್ದ ಸಂಖ್ಯೆಗೆ ಫೋನು ಮಾಡಿ, ತಾವೂ ಪುಸ್ತಕ ಕೊಳ್ಳದೆ ಗುಂಪಿನಲ್ಲೇ ಓದಿದ್ದನ್ನು ಸೇರಿಸಿ ಎಲ್ಲವನ್ನೂ ಬೊಆದಿಗೆ ತಿಳಿಸಿದರು. ಅವನು ಕೇಳಿದಾಗ ಕೊಬಿನಾ ಬೆರಳಚ್ಚಿಸಿದ್ದನ್ನೆಲ್ಲ ಕಳಿಸಿಯೂ ಕೊಟ್ಟರು.

ಎರಡು ದಿನದಲ್ಲಿ ಉತ್ತರ ಬಂತು. ಅರಬಾ ನೇರ ಕೊಬಿನಾನ ಅಂಗಳಕ್ಕೆ ಹೋದರು. ವಾರಕ್ಕೊಂದು ಕಥೆಯನ್ನು ಲೇಖಕನ ಹೆಸರಿನೊಂದಿಗೆ ಗುಂಪಿಗೆ ಹಾಕಲು ಅವನ ಒಪ್ಪಿಗೆಯಿತ್ತು. ಇನ್ನೊಂದು ಮಾತೂ ಇತ್ತು. ವ್ಯಾನಿನಲ್ಲಿ ಆಡು ಕರೆದೊಯ್ಯುವ ಹೆಂಗಸಿನಿಂದ ಕಂಡಕ್ಟರ್ ಆಡಿಗೂ ಬಾಡಿಗೆ ವಸೂಲಿ ಮಾಡುವ ಕಥೆಗೆ ಕೊಬಿನಾ ತನ್ನದೇ ಕೊನೆ ಹೊಸೆದಿದ್ದ: ಊರು ಬಂದಾಗ ಆಕೆ ಆಡನ್ನು ತೋರಿಸಿ ಕಂಡಕ್ಟರನಿಗೆ, "ದುಡ್ಡು ಕೊಟ್ಟ ಗಿರಾಕಿ ಕಣೋ, 'ಸಾರ್, ದಯವಿಟ್ಟು ಇಳೀರಿ' ಅನ್ನು" ಎನ್ನುತ್ತಾಳೆ.

"ನಿನ್ನ ಕೊನೇನೇ ಚೆನ್ನಾಗಿದೆಯಂತೆ," ಎಂದರು ಅರಬಾ. "ನಿನ್ನ ಹೆಸರು ಹಾಕಿ ಮುಂದಿನ ಮುದ್ರಣಕ್ಕೆ ಸೇರಿಸ್ಕೋಬಹುದಾ ಅಂತ ಕೇಳ್ತಿದಾನೆ. ಏನ್ ಹೇಳ್ಲಿ?"

ಕೊಬಿನಾ ಒಂದು ಚೀಟಿಯಲ್ಲಿ ತನ್ನ ಹೆಸರು ಬರೆದು ಕೊಟ್ಟ.

"ಕಾಗುಣಿತ ತಪ್ಪದ ಹಾಗೆ ಹಾಕೋಕೆ ಹೇಳಿ, ಆಂಟೀ."

ಆ ಭಾನುವಾರ ಅವನು ಹಾಡಿದ.

ಇಂಥವರನ್ನು ರಸಭಂಗ ಮಾಡುವವರೆಂದು ನಾವು ಹಗುರವಾಗಿ ತಳ್ಳಿಹಾಕುತ್ತೇವೆ. ಪರರ ನಗೆಯನ್ನು ಬೊಗಸೆಯಲ್ಲಿ ಮೊಗೆಯುವ ಸಡಗರದಲ್ಲಿ, ಅದನ್ನು ಕಟ್ಟಿದವನೊಬ್ಬ ಎಲ್ಲೋ ಒಂಟಿಯಾಗಿ ಕೂತಿದ್ದಾನೆಂಬುದು ನಮಗೆ ಹೊಳೆಯುವುದಿಲ್ಲ. ಇವರಿಗೆ ಹೊಳೆಯುತ್ತದೆ, ಅವನಿಗೂ ನಮ್ಮ ನಡುವೆ ಒಂದು ಕುರ್ಚಿ ಹಾಕಿಸದೆ ಅವರು ಕೂರುವುದಿಲ್ಲ.