ಎರಡನೆಯ ಕಿಣ್ವ

ಅಕ್ಕನ ಮೊದಲ ಮಗು ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ನಮ್ಮ ಜೀವಕೋಶಗಳಲ್ಲಿ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿವೆ. ಕೋಶದ ಹಳೆಯ, ಕೆಟ್ಟ ಸಾಮಾನನ್ನು ಅವು ಕಿಣ್ವಗಳಿಂದ ಅರಗಿಸಿ, ಬಳಸಲು ಬರುವುದನ್ನು ಕೋಶಕ್ಕೇ ಮರಳಿಸುತ್ತವೆ. ಆ ಮಗುವಿನಲ್ಲಿ ಅವುಗಳ ಪೈಕಿ ಒಂದು ಕಿಣ್ವ ಮಾತ್ರ ಇರಲಿಲ್ಲ. ಅರಗದೆ ಉಳಿದದ್ದೆಲ್ಲ ಮಿದುಳಲ್ಲಿ ತುಂಬಿಕೊಂಡು, ಮಗು ಕಲಿತಿದ್ದ ನಗುವನ್ನೂ ಮರೆಯಿತು.

ಅಂಥ ಕಿಣ್ವಗಳನ್ನು ಅಳೆಯುವುದೇ ಲ್ಯಾಬಿನಲ್ಲಿ ನನ್ನ ಕೆಲಸ. ಅಕ್ಕನಿಗೆ ಎರಡನೆಯ ಮಗು ಹುಟ್ಟಿದಾಗ ನಾನೇ ಮನೆಗೆ ಹೋಗಿ, ಹಿಮ್ಮಡಿ ಚುಚ್ಚಿ, ನಾಲ್ಕು ಹನಿ ರಕ್ತವನ್ನು ಕಾಗದಕ್ಕೆ ಹಿಡಿದೆ. ಅದು ನಾಲ್ಕು ಗಂಟೆ ನೆರಳಲ್ಲಿ ಒಣಗಬೇಕು; ಒದ್ದೆಯಿದ್ದು ಬಿಸಿ ತಾಗಿದರೆ ಕಿಣ್ವ ಕೆಡುತ್ತದೆ. ಒದ್ದೆ ಕಾಗದ ಕಳಿಸುವ ನರ್ಸುಗಳಿಗೆ ಫೋನಿನಲ್ಲೇ ಬೆವರಿಳಿಸುವವಳು ನಾನು. ಅವತ್ತು ಮಾತ್ರ ಅರ್ಧ ಗಂಟೆಗೇ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಸುಡುಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆತುರಗಾರ್ತಿಗೆ ಅಷ್ಟೂ ಇರಲಿಲ್ಲ.

ಮರುದಿನ ಫಲಿತಾಂಶ ಸೊನ್ನೆ ಬಂತು. ಹಿಂದೆಮುಂದೆ ನೋಡದೆ ಅಕ್ಕನಿಗೆ ಫೋನ್ ಮಾಡಿದೆ.

"ಇದಕ್ಕೂ ಅದೇ, ಅಕ್ಕಾ."

ಅವಳು ಫೋನ್ ಇಟ್ಟುಬಿಟ್ಟಳು. ಸಂಜೆ ಭಾವ ಫೋನ್ ಮಾಡಿ ಹೇಳಿದರು: "ಮಗೂನ ನಮ್ಮಮ್ಮನ ಕೈಗೆ ಕೊಟ್ಟು ಒಳಗೆ ಹೋಗಿ ಮಲಗಿದಾಳೆ. ಇನ್ನೊಂದ್ಸಲ ಹಚ್ಕೊಳ್ಳೋಕೆ ನನ್ನ ಕೈಲಾಗಲ್ಲ ಅಂತಾಳೆ. ಬಾಟ್ಲಿ ಹಾಲು ಕೊಡ್ತಿದೀವಿ."

ಮಾರನೆಯ ಬೆಳಿಗ್ಗೆ ನಮ್ಮ ಲ್ಯಾಬಿನ ಮೇಡಂ ವರದಿ ನೋಡಿದರು.

"ಎರಡನೇ ಕಿಣ್ವ ಎಲ್ಲಿ?"

ಎಲ್ಲರಲ್ಲೂ ಇರಲೇಬೇಕಾದ ಇನ್ನೊಂದು ಕಿಣ್ವವನ್ನೂ ಜೊತೆಗೆ ಅಳೆಯುವುದು ನಮ್ಮ ನಿಯಮ. ಅದೂ ಸೊನ್ನೆ ಬಂದರೆ ಕೆಟ್ಟಿರುವುದು ರಕ್ತದ ಮಾದರಿ. ನಾನು ಅಳೆದೇ ಇರಲಿಲ್ಲ. ಅಳೆದೆ. ಸೊನ್ನೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

ಈ ಸಲ ಮೇಡಂ ಹೋಗಿ ರಕ್ತ ತಂದು, ಒಣಗಿಸಿ, ಎರಡನ್ನೂ ಅಳೆದರು. ಎರಡು ದಿನದ ಮೇಲೆ ಬಂದ ಫಲಿತಾಂಶದಲ್ಲಿ ಎರಡೂ ಸರಿಯಾಗಿದ್ದವು.

ನಾನು ಅಕ್ಕನ ಮನೆಗೆ ಓಡಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾನು ಹೇಳಿದ್ದನ್ನು ನಂಬಲಿಲ್ಲ.

"ನಿಮ್ಮ ಮೇಡಂ ಹತ್ರ ಹೇಳಿಸು."

ಮೇಡಂ ಫೋನಿನಲ್ಲಿ ಹೇಳಿದರು. ಅಕ್ಕ ಎದ್ದು ಹೋಗಿ ಅತ್ತೆಯ ತೋಳಿನಿಂದ ಮಗುವನ್ನು ತೆಗೆದುಕೊಂಡು ಎದೆಗೆ ಹಚ್ಚಿದಳು. ಬಾಟಲಿಗೆ ಒಗ್ಗಿದ್ದ ಮಗು ಮುಖ ತಿರುಗಿಸಿ ಅತ್ತಿತು.

"ನಾಲ್ಕು ದಿನ ಇವಳು ಅಳೋದು ಕೇಳಿಸ್ಕೊಂಡೇ ಮಲಗಿದ್ದೆ ಕಣೇ," ಅಂದಳು ಅಕ್ಕ, ನನ್ನ ಕಡೆ ನೋಡದೆ. "ನೀನು ಹೇಳಿದೀಯ ಅಂತ."